ಕಸಿ ಮಾಡಿದ ಕೋಶ ಬದುಕಬೇಕು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಂದುಹಾಕುವ ಕಾಯಿಲೆ ಇದು. ಸಿಹಿ ತಿಂದು ಬಂದದ್ದಲ್ಲ, ಪಥ್ಯಕ್ಕೆ ಹೋಗುವುದೂ ಇಲ್ಲ.

ಸತ್ತ ಕೋಶಗಳ ಬದಲು ದಾನಿಯ ಕೋಶಗಳನ್ನು ಕೊಡಬಹುದೆಂದು 2000ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಡಾ. ಜೇಮ್ಸ್ ಶಪಿರೊ ತಂಡ ತೋರಿಸಿತು. ಚಿಕಿತ್ಸೆ ಪಡೆದ ಏಳೂ ಜನರಿಗೆ ಇನ್ಸುಲಿನ್ ಸೂಜಿ ನಿಂತಿತು. ಆದರೆ ದೇಹ ಆ ಕೋಶಗಳನ್ನು ತಿರಸ್ಕರಿಸದಿರಲು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಔಷಧಿಗಳನ್ನು ಬಿಡದೆ ನುಂಗಬೇಕು. ಸೋಂಕು, ಕಿಡ್ನಿಗೆ ಪೆಟ್ಟು, ಕ್ಯಾನ್ಸರಿನ ಭಯ. ಶಾಲೆಗೆ ಹೋಗುವ ಮಗುವಿಗೆ ಇದನ್ನು ಯಾರು ಬರೆದುಕೊಟ್ಟಾರು?

ಅದಕ್ಕೇ ಸ್ವೀಡನ್ನಿನ ಉಪ್ಸಲಾದ ಸುದ್ದಿ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿನ ವೈದ್ಯರು ದಾನಿಯ ಕೋಶಗಳ ಜೀನ್‌ಗಳನ್ನೇ ತಿದ್ದಿದರು. 'ಇವು ಪರರವು' ಎಂದು ಗುರುತು ಹತ್ತಿಸುವ ಎರಡು ಜೀನ್‌ಗಳನ್ನು ನಿಲ್ಲಿಸಿ, ದಾಳಿ ತಡೆಯುವ ಸಿಡಿ47 ಎಂಬ ಪ್ರೋಟೀನನ್ನು ಹೆಚ್ಚಿಸಿ, ಒಬ್ಬ ರೋಗಿಯ ಮುಂದೋಳಿನ ಸ್ನಾಯುವಿಗೆ ಚುಚ್ಚಿದರು. ಪೂರ್ತಿ ತಿದ್ದುಪಡಿಯಾಗದ ಒಂದಿಷ್ಟು ಕೋಶಗಳೂ ಅದರಲ್ಲಿ ಸೇರಿದ್ದವು. ದೇಹ ಅವುಗಳ ಮೇಲೆ ಎರಗಿತು, ಪೂರ್ತಿ ತಿದ್ದಿದವನ್ನು ಮುಟ್ಟಲಿಲ್ಲ! ಶಕ್ತಿ ಕುಗ್ಗಿಸುವ ಒಂದೂ ಔಷಧಿಯಿಲ್ಲದೆ ಆ ಕೋಶಗಳು ಇನ್ಸುಲಿನ್ ಸ್ರವಿಸುತ್ತಿದ್ದವೆಂದು 2025ರಲ್ಲಿ ವರದಿಯಾಯಿತು. ಕೊಟ್ಟ ಪ್ರಮಾಣ ಚಿಕ್ಕದು, ಹಾಗಾಗಿ ಆತನಿಗೆ ಸೂಜಿ ತಪ್ಪಿಲ್ಲ. ಒಬ್ಬರ ಮೇಲಿನ ಪ್ರಯೋಗವನ್ನು ಮದ್ದು ಸಿಕ್ಕಿತೆಂದು ನಾನು ಹೇಳುವುದಿಲ್ಲ. ಆದರೂ ದಾರಿ ಇರುವುದು ಇಲ್ಲೇ ಎಂದು ನಂಬಿದ್ದೇನೆ.

ಈ ಕೆಲಸಕ್ಕೆ ಬೇಕಾದ ಪ್ರಯೋಗಾಲಯಗಳು ಬೆಂಗಳೂರಿನಲ್ಲಿವೆ. ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಆಕರಕೋಶಗಳ (ಸ್ಟೆಮ್ ಸೆಲ್) ಸಂಶೋಧನೆಗೆಂದೇ ಇನ್‌ಸ್ಟೆಮ್ ಸಂಸ್ಥೆ ಇದೆ. ಅವರಿಗೆ ಮನುಷ್ಯರ ಬೀಟಾ ಕೋಶಗಳು ಸಿಗಬೇಕು. ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ತಮ್ಮ ಇಲಾಖೆಯ ವ್ಯಾಪ್ತಿಯಲ್ಲೇ ಇದೆ. ದಾನಿಗಳಿಂದ ಕಿಡ್ನಿ, ಲಿವರ್ ಪಡೆದಷ್ಟು ಮೇದೋಜೀರಕ ಗ್ರಂಥಿಯನ್ನು ನಾವು ಪಡೆಯುತ್ತಿಲ್ಲ. ಕಸಿಗೆ ಒದಗದ ಗ್ರಂಥಿಯನ್ನು, ಕುಟುಂಬದವರು ಒಪ್ಪಿದರೆ, ಸಂಶೋಧನೆಗೆ ತಲುಪಿಸಲು ಸ್ಪಷ್ಟ ನಿಯಮ ಮಾಡಿಸಿಕೊಡಿ. ಕೇಂದ್ರದ ಕಾನೂನು ಅಡ್ಡಬಂದರೆ ದೆಹಲಿಗೆ ತಾವೇ ಬರೆಯಿರಿ.

ಮಗುವಿನ ಕಾಯಿಲೆಯಿಂದ ಕಂಗೆಟ್ಟ ಹೆತ್ತವರಿಗೆ 'ಸ್ಟೆಮ್ ಸೆಲ್‌ನಿಂದ ಗುಣ' ಎಂದು ಲಕ್ಷಗಟ್ಟಲೆ ಕೀಳುವವರನ್ನೂ ದಯವಿಟ್ಟು ತಡೆಯಿರಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ಟೈಪ್ 1 ಇರುವ ಹುಡುಗಿಯೊಬ್ಬಳ ತಾಯಿ