ಲೆಫ್ಟ್ ಔಟ್ ಜಾಗದಿಂದ 33 ಗೋಲು: ಬ್ಯಾಸ್ಟಿನ್ ಅವರನ್ನು ಮರೆಯಬಾರದು

ಮಾನ್ಯ ಸಂಪಾದಕರೇ,

ಯುರೋಪಿನ ಫುಟ್‌ಬಾಲ್ ಲೀಗ್‌ಗಳನ್ನು ಕುರಿತು ನಮ್ಮ ಪತ್ರಿಕೆಗಳ ಕ್ರೀಡಾ ಪುಟಗಳಲ್ಲಿ ಬರುವ ಲೇಖನಗಳಲ್ಲಿ, ವಿಂಗರ್‌ಗಳು (ಮೈದಾನದ ಎಡ, ಬಲ ಅಂಚುಗಳಲ್ಲಿ ಆಡುವವರು) ಅಂಚಿನಿಂದ ಒಳಕ್ಕೆ ನುಗ್ಗಿ ತಾವೇ ಗೋಲು ಹೊಡೆಯುವುದು ಕಳೆದ ಎರಡು ದಶಕಗಳಲ್ಲಿ ಹುಟ್ಟಿದ ಪದ್ಧತಿ ಎಂಬ ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಅರ್ಜೆನ್ ರಾಬೆನ್, ಮೊಹಮ್ಮದ್ ಸಲಾ ಅವರ ಆಟವನ್ನು ನಾನೂ ಮನಸಾರೆ ಮೆಚ್ಚಿದವನೇ. ಆದರೆ ಈ ಮಾತನ್ನು ಹಾಗೆಯೇ ಒಪ್ಪಿಕೊಂಡರೆ, 1930ರ ದಶಕದಲ್ಲಿ ಲಂಡನ್ನಿನ ಆರ್ಸೆನಲ್ ತಂಡದ ಲೆಫ್ಟ್ ಔಟ್, ಅಂದರೆ ಎಡ ಅಂಚಿನ ವಿಂಗರ್ ಆಗಿದ್ದ ಕ್ಲಿಫ್ ಬ್ಯಾಸ್ಟಿನ್ ಅವರಿಗೆ ದೊಡ್ಡ ಅನ್ಯಾಯ ಮಾಡಿದಂತಾಗುತ್ತದೆ.

1932–33ರ ಲೀಗ್‌ನಲ್ಲಿ ಆರ್ಸೆನಲ್ ಹೊಡೆದ 118 ಗೋಲುಗಳಲ್ಲಿ 33 ಬ್ಯಾಸ್ಟಿನ್ ಅವರವು, 20 ಬಲ ಅಂಚಿನ ಜೋ ಹ್ಯೂಮ್ ಅವರವು. ಎರಡೂ ಅಂಚಿನ ಆಟಗಾರರೇ ಸೇರಿ 53 ಗೋಲು! ಅಂದಿನ ವಿಂಗರ್‌ನಿಂದ ಜನ ಬಯಸುತ್ತಿದ್ದುದೇ ಬೇರೆ. ಮೈದಾನದ ಪಕ್ಕದ ಗೆರೆಯಾದ ಟಚ್‌ಲೈನ್‌ಗೆ ಅಂಟಿಕೊಂಡು ಓಡಬೇಕು, ರಕ್ಷಣೆಗೆ ನಿಂತ ಬ್ಯಾಕ್ ಆಟಗಾರನನ್ನು ಡ್ರಿಬಲ್ ಮಾಡಿ ದಾಟಬೇಕು, ಮೂಲೆಯ ಧ್ವಜದ ಹತ್ತಿರದಿಂದ ಗೋಲಿನ ಮುಂದಕ್ಕೆ ಚೆಂಡನ್ನು ಎತ್ತಿ ಕಳುಹಿಸಬೇಕು (ಇದೇ ಕ್ರಾಸ್). ಅದನ್ನು ತಲೆಯಿಂದ ಗೋಲಿಗೆ ಹೊಡೆಯುವುದು ದಾಳಿಯ ನಡುವೆ ಆಡುವ ಸೆಂಟರ್ ಫಾರ್ವರ್ಡ್‌ನ ಕೆಲಸ. ಈ ಬಗೆಯ ಆಟ ನೋಡಲು ಸೊಗಸಾಗಿದ್ದರೂ, ಗೋಲಿನ ಮುಂದೆ ಗುಂಪುಗೂಡಿ ನಿಂತ ರಕ್ಷಣಾ ಆಟಗಾರರಿಗೇ ಅದರಿಂದ ಅನುಕೂಲ ಹೆಚ್ಚು ಎಂಬುದು ಆರ್ಸೆನಲ್ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಅವರ ಖಚಿತ ಅಭಿಪ್ರಾಯವಾಗಿತ್ತು.

ಎಕ್ಸೆಟರ್ ಊರಿನ ಹುಡುಗ ಬ್ಯಾಸ್ಟಿನ್ ಅವರನ್ನು ಚಾಪ್‌ಮನ್ 1929ರಲ್ಲಿ ತಂಡಕ್ಕೆ ಕರೆತಂದಾಗ ಅವರಿಗೆ ವಯಸ್ಸು ಹದಿನೇಳು. ಮೂಲತಃ ಲೆಫ್ಟ್ ಇನ್ (ಎಡ ಅಂಚಿಗೂ ಸೆಂಟರ್ ಫಾರ್ವರ್ಡ್‌ಗೂ ನಡುವಿನ) ಜಾಗದ ಆಟಗಾರನಾಗಿದ್ದ ಅವರನ್ನು ಚಾಪ್‌ಮನ್ ಅಂಚಿಗೆ ಸರಿಸಿದರು. ಆದರೆ ಪೂರ್ತಿ ಅಂಚಿಗಲ್ಲ ಎನ್ನುವುದೇ ಇಲ್ಲಿ ಮುಖ್ಯ. ಬ್ಯಾಸ್ಟಿನ್ ಗೆರೆಯಿಂದ ಹಲವು ಗಜ ಒಳಗೇ ನಿಲ್ಲುತ್ತಿದ್ದರು. ಅವರನ್ನು ಕಾಯಬೇಕಾದ ಬ್ಯಾಕ್ ಹತ್ತಿರ ಬಂದರೆ ಬೆನ್ನ ಹಿಂದೆ ಜಾಗ ತೆರೆದುಕೊಳ್ಳುತ್ತಿತ್ತು. ದೂರ ಉಳಿದರೆ ಬ್ಯಾಸ್ಟಿನ್ ಚೆಂಡನ್ನು ಕಾಲಿಗೆ ತೆಗೆದುಕೊಂಡು ನೇರವಾಗಿ ಗೋಲಿನ ಕಡೆ ತಿರುಗುತ್ತಿದ್ದರು. ಮೈದಾನದ ನಡುಭಾಗಕ್ಕೆ ಇಳಿದು ಚೆಂಡು ಪಡೆಯುತ್ತಿದ್ದ ಸಹ ಆಟಗಾರ, ಸ್ಕಾಟ್ಲೆಂಡಿನ ಅಲೆಕ್ಸ್ ಜೇಮ್ಸ್, ಆ ಖಾಲಿ ಜಾಗ ತೆರೆದ ಗಳಿಗೆಯಲ್ಲೇ ಬ್ಯಾಕ್‌ನ ಹಿಂದಕ್ಕೆ ಓರೆಯಾಗಿ ಪಾಸ್ ತಳ್ಳುತ್ತಿದ್ದರು. ಬಲಗಡೆಯಿಂದ ಹ್ಯೂಮ್ ಅವರ ಕ್ರಾಸ್ ಬಂದಾಗಲೂ ಬ್ಯಾಸ್ಟಿನ್ ತಮ್ಮ ಅಂಚಿನಲ್ಲಿ ಸುಮ್ಮನೆ ಕಾಯುತ್ತಿರಲಿಲ್ಲ, ದೂರದ ಗೋಲುಕಂಬದ ಬಳಿಗೆ ತಲುಪಿರುತ್ತಿದ್ದರು. ಆ ಗೋಲುಗಳಿಗೆ ಓಟದ ವೇಗಕ್ಕಿಂತ ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬ ತಿಳಿವೇ ಆಧಾರವಾಗಿತ್ತೆಂದು ನಾನು ನಂಬಿದ್ದೇನೆ. ಅದಕ್ಕೆ ಜೊತೆಯಾಗಿ, ಗೋಲ್‌ಕೀಪರ್ ಎದುರಿಗೆ ಬಂದಾಗಲೂ ಕಲಕದ ತಣ್ಣನೆಯ ಮನಸ್ಸಿತ್ತು.

ಇಂಗ್ಲೆಂಡಿನ ಕಪ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ 1930ರ ಫೈನಲ್‌ನ ಮೊದಲ ಗೋಲನ್ನೇ ನೋಡಿ. ವೆಂಬ್ಲಿಯಲ್ಲಿ ಹಡರ್ಸ್‌ಫೀಲ್ಡ್ ಟೌನ್ ಎದುರು ಆರ್ಸೆನಲ್‌ಗೆ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ತಮ್ಮ ತಮ್ಮ ಜಾಗಕ್ಕೆ ಮರಳುವ ಮುನ್ನವೇ ಜೇಮ್ಸ್ ಅದನ್ನು ಎಡಕ್ಕೆ, ಬ್ಯಾಸ್ಟಿನ್ ಅವರ ಕಾಲಿಗೆ ತಳ್ಳಿ ಮುಂದಕ್ಕೆ ಓಡಿದರು. ಬ್ಯಾಸ್ಟಿನ್ ಎದುರಾಳಿಯನ್ನು ತಮ್ಮತ್ತ ಸೆಳೆದುಕೊಂಡು, ಚೆಂಡನ್ನು ಒಳಗೆ ಜೇಮ್ಸ್ ಅವರಿಗೇ ಹಿಂದಿರುಗಿಸಿದರು; ಗೋಲು ಬಿತ್ತು. ಅಂದು 2–0ಯಿಂದ ಕಪ್ ಗೆದ್ದಾಗ ಬ್ಯಾಸ್ಟಿನ್ ಹದಿನೆಂಟರ ಹರೆಯದವರು. ಮೂಲೆಗೆ ಓಡಿ ಕ್ರಾಸ್ ಮಾಡುವ ಹಳೆಯ ಚಾಳಿಗೆ ಆ ಗೋಲಿನಲ್ಲಿ ಎಡೆಯೇ ಇರಲಿಲ್ಲ.

ಆ ಕಾಲದಲ್ಲಿ ಗೋಲು ಹೊಡೆಯುವುದು ಸುಲಭವಿತ್ತಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 1925ರಲ್ಲಿ, ಪಾಸ್ ಪಡೆಯುವ ಆಟಗಾರ ಎಷ್ಟು ಮುಂದೆ ನಿಲ್ಲಬಹುದು ಎಂದು ಹೇಳುವ ಆಫ್‌ಸೈಡ್ ನಿಯಮ ಸಡಿಲಗೊಂಡು, ಮುನ್ನುಗ್ಗುವ ಆಟಗಾರ ಮತ್ತು ಗೋಲ್ ಗೆರೆಯ ನಡುವೆ ಮೂವರ ಬದಲು ಇಬ್ಬರು ಎದುರಾಳಿಗಳಿದ್ದರೆ ಸಾಕು ಎಂದಾದ ಮೇಲೆ, ಇಂಗ್ಲೆಂಡಿನ ಪ್ರಥಮ ಡಿವಿಷನ್‌ನ ಗೋಲುಗಳು ಒಂದೇ ವರ್ಷದಲ್ಲಿ 1192ರಿಂದ 1703ಕ್ಕೆ ಏರಿದ್ದವು. ಆದರೆ ಆ ಏರಿಕೆಯ ಮೊದಲ ಲಾಭ ಪಡೆದವರು ಸೆಂಟರ್ ಫಾರ್ವರ್ಡ್‌ಗಳು. ಅದನ್ನು ತಡೆಯಲು ಮೈದಾನದ ನಡುವೆ ಆಡುತ್ತಿದ್ದ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಎಳೆದು ಮೂರನೆಯ ಬ್ಯಾಕ್ ಮಾಡಲಾಯಿತು; ಹಳೆಯ ಇಬ್ಬರು ಬ್ಯಾಕ್‌ಗಳು ಅಂಚುಗಳಿಗೆ ಸರಿದು ವಿಂಗರ್‌ಗಳ ಬೆನ್ನು ಹತ್ತಿದರು. ಬ್ಯಾಸ್ಟಿನ್ ಗೋಲು ಹೊಡೆದದ್ದು ಈ ಬಿಗಿ ಕಾವಲಿನ ನಡುವೆ. ಆರ್ಸೆನಲ್ ಪರವಾಗಿ ಅವರು ಗಳಿಸಿದ 178 ಗೋಲುಗಳ ದಾಖಲೆ, ಸೆಂಟರ್ ಫಾರ್ವರ್ಡ್ ಆಗಿದ್ದ ಇಯಾನ್ ರೈಟ್ 1997ರಲ್ಲಿ ಅದನ್ನು ಮುರಿಯುವ ತನಕ ನಿಂತಿತ್ತು.

ಅದೇ ದಶಕದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಲೆಫ್ಟ್ ಔಟ್ ಆಗಿದ್ದ ಎರಿಕ್ ಬ್ರೂಕ್ ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಆ ಕ್ಲಬ್‌ನಲ್ಲಿ ಅವರ ಗೋಲುಗಳ ದಾಖಲೆಯನ್ನು ಸರ್ಜಿಯೊ ಅಗ್ವೆರೊ ಮುರಿದದ್ದು 2017ರಲ್ಲಿ. 1934ರ ನವೆಂಬರ್‌ನಲ್ಲಿ ಹೈಬರಿ ಮೈದಾನದಲ್ಲಿ ವಿಶ್ವ ಚಾಂಪಿಯನ್ ಇಟಲಿಯನ್ನು ಇಂಗ್ಲೆಂಡ್ 3–2ರಿಂದ ಸೋಲಿಸಿದಾಗ ಇಬ್ಬರೂ ಒಟ್ಟಿಗೆ ಆಡಿದ್ದರು. ಬ್ರೂಕ್ ಅಂಚಿನಲ್ಲಿ ಆಡಿ ಎರಡು ಗೋಲು ಹೊಡೆದರೆ, ಬ್ಯಾಸ್ಟಿನ್ ತಮ್ಮ ಹಳೆಯ ಲೆಫ್ಟ್ ಇನ್ ಜಾಗಕ್ಕೆ ಮರಳಿದ್ದರು.

ಇಂದಿನ ವಿಂಗರ್‌ಗಳ ಆಟವನ್ನು ವಿಶ್ಲೇಷಿಸುವಾಗ ಈ ಇಬ್ಬರ ಆಟದ ಬಗೆಯನ್ನೂ ಓದುಗರ ಮುಂದಿಡಬೇಕೆಂದು, ಸಾಧ್ಯವಾದರೆ ಚಾಪ್‌ಮನ್ ಅವರ ತಂಡದ ಆಟಗಾರರು ನಿಲ್ಲುತ್ತಿದ್ದ ಜಾಗಗಳನ್ನು ತೋರಿಸುವ ನಕ್ಷೆಯೊಂದಿಗೆ ಲೇಖನ ಪ್ರಕಟಿಸಬೇಕೆಂದು ನಿಮ್ಮ ಕ್ರೀಡಾ ವಿಭಾಗವನ್ನು ಕೋರುತ್ತೇನೆ.

ಇಂತಿ,
ಒಬ್ಬ ಫುಟ್‌ಬಾಲ್ ಅಭಿಮಾನಿ,
ಬೆಂಗಳೂರು