ರಂಗವಾಚನಕ್ಕೆ ಇನ್ನು ಟಿಕೆಟ್: ನಮ್ಮ ಪ್ರೇಕ್ಷಕರಿಗೊಂದು ಪತ್ರ

ಆತ್ಮೀಯ ಪ್ರೇಕ್ಷಕ ಬಂಧುಗಳೇ,

ಹೊಸ ನಾಟಕಗಳನ್ನು ನಟರು ಸಭೆಯೆದುರು ಓದಿ ಕೇಳಿಸುವ ನಮ್ಮ ರಂಗವಾಚನಕ್ಕೆ ಮುಂದಿನ ತಿಂಗಳಿಂದ ಉಚಿತ ಪ್ರವೇಶ ಇರುವುದಿಲ್ಲ. ಟಿಕೆಟ್ 150 ರೂಪಾಯಿ, ವಿದ್ಯಾರ್ಥಿಗಳಿಗೆ 75. ತಿಂಗಳಿಗೊಂದರ ಬದಲು ಎರಡು ತಿಂಗಳಿಗೊಂದು ವಾಚನ. ಬಾಗಿಲ ಬಳಿಯ ಕಾಣಿಕೆ ಡಬ್ಬಿಯನ್ನು ತೆಗೆದಿದ್ದೇವೆ. ನಿಮಗೆ ಬೇಸರವಾಗುತ್ತದೆ ಎಂದು ಗೊತ್ತು, ಅದಕ್ಕಾಗಿ ಕ್ಷಮೆ ಕೋರುತ್ತೇವೆ. ಆದರೆ ಕಾರಣ ಹೇಳದೆ ಬರೀ ಕ್ಷಮೆ ಕೇಳಿ ಸುಮ್ಮನಾಗಲು ಮನಸ್ಸಿಲ್ಲ.

‘ಸೆಟ್ಟಿಲ್ಲ, ವೇಷವಿಲ್ಲ, ಬಾಯಿಪಾಠವೂ ಇಲ್ಲ. ಕೂತು ಓದೋದಕ್ಕೆ ದುಡ್ಡು ಯಾಕೆ?’ ಈ ಮಾತನ್ನು ಚಹಾದ ಹೊತ್ತಿನಲ್ಲೂ ವಾಟ್ಸಾಪ್‌ನಲ್ಲೂ ಮತ್ತೆ ಮತ್ತೆ ಕೇಳಿದ್ದೇವೆ. ಅದಕ್ಕೆ ಉತ್ತರ ಕೊಡಲೇಬೇಕು.

ಹೊಸ ನಾಟಕಕಾರರ ಹಸ್ತಪ್ರತಿ ಬಹಳ ಸಲ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪಾಗಿ ಬರುತ್ತದೆ. ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ದಿಕ್ಕಾಪಾಲಾಗುತ್ತವೆ. ಮೂಲದ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಒಬ್ಬರು ಪ್ರತಿ ಸಾಲನ್ನೂ ನೋಡಲೇಬೇಕು. ಆಮೇಲೆ ಓದುವ ಪ್ರತಿ ತಯಾರಾಗಬೇಕು: 16 ಪಾಯಿಂಟ್ ಅಕ್ಷರ, ಒಂದೇ ಮಗ್ಗುಲಿಗೆ ಮುದ್ರಣ, ಪೆನ್ಸಿಲ್ ಗುರುತಿಗೆ ಅಗಲವಾದ ಅಂಚು. ಯಾವ ಮಾತೂ ಪುಟದ ಕೊನೆಯಲ್ಲಿ ತುಂಡಾಗಬಾರದು. ತುಂಡಾದರೆ ಹಾಳೆ ಮಗುಚುವ ಸದ್ದು ಮಾತಿನ ನಡುವೆಯೇ ಬೀಳುತ್ತದೆ, ಓದುವವರ ದನಿಯೂ ಅಲ್ಲಿ ಇಳಿದುಹೋಗುತ್ತದೆ. 80 ಪುಟದ ನಾಟಕಕ್ಕೆ ಒಂಬತ್ತು ಪ್ರತಿ ಎಂದರೆ 720 ಹಾಳೆ. ಎರಡನೇ ತಾಲೀಮಿನ ನಂತರ ನಾಟಕಕಾರರು ದೃಶ್ಯಗಳನ್ನು ತಿದ್ದುತ್ತಾರೆ. ತಿದ್ದಲಿ, ವಾಚನ ಇರುವುದೇ ಅದಕ್ಕೆ. ಆಗ ಇನ್ನೊಂದು 720.

ಹದಿನಾಲ್ಕು ಪಾತ್ರಗಳನ್ನು ಆರು ಜನರಿಗೆ ಹಂಚುವಾಗ ಒಬ್ಬರ ಎರಡು ಪಾತ್ರಗಳು ಒಂದೇ ದೃಶ್ಯದಲ್ಲಿ ಎದುರಾಗಬಾರದು. ರಂಗಸೂಚನೆಯಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಲು ಒಂದಿಡೀ ಸಂಜೆ ಬೇಕು. ‘ಬಾಗಿಲು ತೆರೆಯುತ್ತದೆ’ ಎನ್ನುವುದನ್ನು ಓದಲೇಬೇಕು, ಇಲ್ಲದಿದ್ದರೆ ಯಾರೋ ಬಂದರೆಂದೇ ತಿಳಿಯುವುದಿಲ್ಲ. ‘ಅವಳ ಕಣ್ಣಲ್ಲಿ ಹಳೆಯ ನೋವು’ ಎನ್ನುವುದನ್ನು ಓದಬಾರದು, ಅದು ನಟಿಯ ದನಿಯಲ್ಲಿ ಬರಬೇಕು. ಕುಂದಾಪುರದ್ದೋ ಕಲಬುರಗಿಯದ್ದೋ ಮಾತಿದ್ದರೆ ಆ ಕಡೆಯವರೇ ಓದಬೇಕು. ಬೇರೆಯವರು ಓದಿದರೆ ಅಣಕದಂತೆ ಕೇಳಿಸಿ ನಗಬಾರದ ಕಡೆ ನಗು ಬರುತ್ತದೆ. ನಾಟಕಕಾರರು ಆ ನಗುವನ್ನು ನಂಬಿ ಒಳ್ಳೆಯ ದೃಶ್ಯವನ್ನೇ ಕತ್ತರಿಸಿಬಿಡುವ ಅಪಾಯವಿದೆ. ಆದ್ದರಿಂದಲೇ ಬಸ್ ಚಾರ್ಜು, ಒಂದು ರಾತ್ರಿಯ ವಸತಿ ಕೊಟ್ಟು ಅಲ್ಲಿಂದ ಕರೆಸುತ್ತೇವೆ.

ಬಾಯಿಪಾಠ ಬೇಡವೆಂದು ನಾವೇ ನಿರ್ಧರಿಸಿರುವುದು. ಮಾತು ಬಾಯಿಗೆ ಬಂದುಬಿಟ್ಟರೆ ನುರಿತ ನಟರು ನಾಟಕದ ತೂತನ್ನು ಅಭಿನಯದಿಂದ ಮುಚ್ಚಿಬಿಡುತ್ತಾರೆ. ಓದಿದಾಗ ತೂತು ತೂತಾಗಿಯೇ ಕಾಣುತ್ತದೆ: ಸಭೆ ಯಾವ ಪುಟದಲ್ಲಿ ಮಗ್ಗುಲು ಬದಲಿಸಿತು, ಯಾವ ಸ್ವಗತ ಕಾಗದದ ಮೇಲಷ್ಟೇ ಚೆನ್ನಾಗಿತ್ತು ಎಂಬುದು ಬರೆದವರಿಗೇ ಕೇಳಿಸುತ್ತದೆ. ಹಿಂದಿನ ದಿನ ಬದಲಾದ ದೃಶ್ಯವನ್ನೂ ಓದಬಹುದು, ಬಾಯಿಪಾಠವಾಗಿದ್ದರೆ ಅದು ಆಗದ ಮಾತು. ಕೈಲಾಸಂ ಅವರಂಥವರೇ ನಾಟಕ ಅಚ್ಚಾಗುವ ಮೊದಲು ಅದನ್ನು ಬಾಯಲ್ಲಿ ಹೇಳಿ ಕೇಳಿಸುತ್ತಿದ್ದರು. ಕನ್ನಡ ನಾಟಕಕ್ಕೆ ಕಿವಿಯ ಪರೀಕ್ಷೆ ಹೊಸದಲ್ಲ.

ಈಗ ಲೆಕ್ಕ. ಆರು ನಟರು, ರಂಗಸೂಚನೆ ಓದುವವರೊಬ್ಬರು: ನಾಲ್ಕು ತಾಲೀಮು ಮತ್ತು ವಾಚನಕ್ಕೆ ತಲಾ 1,500, ಒಟ್ಟು 10,500. ನಿರ್ದೇಶಕರಿಗೆ 3,000, ನಾಟಕಕಾರರಿಗೆ 3,000. ಸಭಾಂಗಣ ಮತ್ತು ಮೈಕು 6,000. ತಾಲೀಮಿನ ಜಾಗಕ್ಕೆ 3,200. ಹಾಳೆಗೆ 2 ರೂಪಾಯಿಯಂತೆ ಮುದ್ರಣ 2,880. ಪ್ರಯಾಣ, ವಸತಿ ಸುಮಾರು 2,500. ಎಲ್ಲ ಸೇರಿ 31,000 ದಾಟುತ್ತದೆ. ನೂರು ಕುರ್ಚಿಯೂ ಪೂರ್ತಿ ಟಿಕೆಟ್‌ನಿಂದಲೇ ತುಂಬಿದರೂ ಬರುವುದು 15,000. ಉಳಿದದ್ದನ್ನು ಚಂದಾ ಮತ್ತು ಸದಸ್ಯರ ದೇಣಿಗೆಯಿಂದ ಹೊಂದಿಸುತ್ತೇವೆ. ಇದರಲ್ಲಿ ಲಾಭದ ಮಾತೆಲ್ಲಿ ಬಂತು? ಇಷ್ಟು ದಿನ ನಟರು ಕೈಯಿಂದ ಆಟೋಗೆ ಕೊಟ್ಟು ಬಂದು ಓದಿಹೋಗಿದ್ದಾರೆ. ಅದನ್ನೇ ಪದ್ಧತಿ ಮಾಡಿಕೊಳ್ಳಲು ನಾವು ಸಿದ್ಧರಿಲ್ಲ.

ಆನ್‌ಲೈನ್‌ನಲ್ಲಿ ಕೊಂಡಾಗ ಮೇಲೆ ಬೀಳುವ ಬುಕ್ಕಿಂಗ್ ಶುಲ್ಕದ ದೂರೂ ನಮ್ಮ ತಲೆಗೇ ಬರುತ್ತಿದೆ. 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ನೀವು ನೋಡುವ ಜಿಎಸ್‌ಟಿ ಆ ಬುಕ್ಕಿಂಗ್ ಶುಲ್ಕದ ಮೇಲಿನದು, ಅದರಲ್ಲಿ ಒಂದು ಪೈಸೆಯೂ ನಮಗೆ ಸೇರುವುದಿಲ್ಲ. ಆ ಹೊರೆ ಬೇಡ ಎನ್ನುವವರಿಗಾಗಿ 30 ಟಿಕೆಟ್ ಬಾಗಿಲಲ್ಲೇ ಇಟ್ಟಿರುತ್ತೇವೆ.

ನಾಟಕಕಾರರಿಂದ ನಾವು ಹಣ ತೆಗೆದುಕೊಳ್ಳುವುದಿಲ್ಲ, ಮುಂದೆಯೂ ತೆಗೆದುಕೊಳ್ಳುವುದಿಲ್ಲ. ನಾಟಕದ ಹಕ್ಕು ಪೂರ್ತಿ ಅವರದ್ದೇ. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ ಎನ್ನುವುದೂ ಇದಕ್ಕೇ. ನೀವು ಕೇಳುವುದು ಇನ್ನೂ ಬದಲಾಗಲಿರುವ ಕರಡು. ಅದರ ತುಣುಕು ಊರೆಲ್ಲ ಓಡಾಡಿದರೆ ಬರೆದವರಿಗೆ ಆಮೇಲೆ ತಿದ್ದುವ ಧೈರ್ಯವೇ ಇರುವುದಿಲ್ಲ.

ಪ್ರವೇಶ ಉಚಿತವಿದ್ದಾಗಲೂ ವಾರ್ಷಿಕ ಚಂದಾ ಕಟ್ಟಿದವರು ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ. ವರ್ಷ ಮುಗಿದರೂ ನಿಮ್ಮ ಹನ್ನೆರಡು ವಾಚನ ಮುಗಿಯುವವರೆಗೆ ಚಂದಾ ನಡೆಯುತ್ತದೆ, ಹಳೆಯ ಕಾರ್ಡನ್ನೇ ತನ್ನಿ. 150 ಕಷ್ಟವಾಗುವವರು ಬಾಗಿಲಲ್ಲಿರುವ ನಮ್ಮವರಿಗೆ ಒಂದು ಮಾತು ಹೇಳಿ ಒಳಗೆ ಬನ್ನಿ, ಕಾರಣ ಕೇಳುವುದಿಲ್ಲ. ಮೊದಲ ದಿನದಿಂದ ಬರುತ್ತಿರುವ ನಿಮ್ಮನ್ನು ಹಣದ ಕಾರಣಕ್ಕೆ ಹೊರಗೆ ನಿಲ್ಲಿಸಲು ನಮ್ಮಿಂದಾಗದು.

ವಾಚನದ ನಂತರದ 40 ನಿಮಿಷದ ಮಾತುಕತೆ, ಚಹಾ ಎಂದಿನಂತೆ. ಮೊದಲು ನೀವು ಕೇಳಿಸಿಕೊಂಡದ್ದನ್ನು ಹೇಳಿ, ನಾಟಕಕಾರರು ಕೊನೆಯಲ್ಲಿ ಮಾತಾಡುತ್ತಾರೆ. ಸಂಜೆ 6ಕ್ಕೆ ಬಾಗಿಲು ತೆರೆಯುತ್ತದೆ, ಸರಿಯಾಗಿ 6.30ಕ್ಕೆ ಓದು ಶುರು. ಕುರ್ಚಿ ಎಳೆಯುವ ಸದ್ದನ್ನು ಮೈಕು ಹಿಡಿಯುತ್ತದೆ, ಹಾಗಾಗಿ ತಡವಾಗಿ ಬಂದವರನ್ನು ದೃಶ್ಯ ಮುಗಿದ ಮೇಲೆ ಒಳಗೆ ಬಿಡುತ್ತೇವೆ.

ಇಂತಿ ನಿಮ್ಮವರು,
ಕಾರ್ಯಕಾರಿ ಸಮಿತಿ