ದಡ ಬದಲಾದ ಊರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಾನು, ದೊಡ್ಡಮ್ಮ ಇಬ್ಬರೂ ಆರಾಮ. ನಿನಗೆ ಇಲಿನಾಯ್‌ನಲ್ಲಿ ಕೆಲಸ ಸಿಕ್ಕಿದ್ದು, ಅದೂ ನೆರೆ ಬರುವ ಊರುಗಳನ್ನು ನೋಡಿಕೊಳ್ಳುವ ಕೆಲಸ ಅಂತ ಕೇಳಿ ತುಂಬಾ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ ಒಂದು ಮಾತು ಅಂದೆಯಲ್ಲ, "ಪದೇ ಪದೇ ಮುಳುಗೋ ಜಾಗ ಬಿಟ್ಟು ಈ ಜನ ಎದ್ದು ಹೋಗಬಾರದಾ ದೊಡ್ಡಪ್ಪ?" ಅಂತ. ಆಗ ನಕ್ಕು ಸುಮ್ಮನಾದೆ.

ಇದೇ ಮಾತನ್ನು ನಾನೂ ಆಡಿದ್ದೆ. 1993ರ ಬೇಸಿಗೆ. ಮಿಸಿಸಿಪ್ಪಿ ನದಿ ವಾರಗಟ್ಟಲೆ ಇಳಿಯಲೇ ಇಲ್ಲ. ಆಫೀಸಿನ ನಾಲ್ಕು ಜನ ಸೇರಿ ಮರಳು ಚೀಲ ತುಂಬಲು ಹೋಗಿದ್ದೆವು. ಪಕ್ಕದಲ್ಲಿ ಒಬ್ಬ ಮುದುಕ ರೈತ. "ಜಮೀನು ಮಾರಿ ಮೇಲಕ್ಕೆ ಹೋಗಬಹುದಲ್ವಾ?" ಅಂದೆ. ಅವರು ಏನೂ ಹೇಳಲಿಲ್ಲ. ಕಟ್ಟಿದ ಚೀಲವನ್ನು ನನ್ನ ಕೈಗಿಟ್ಟು ಇನ್ನೊಂದಕ್ಕೆ ಬಗ್ಗಿದರು. ಆ ಚೀಲದ ಭಾರ ಇವತ್ತಿಗೂ ನೆನಪಿದೆ.

ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಕಸ್ಕಾಸ್ಕಿಯಾ ಅನ್ನೋ ಹಳ್ಳಿಗೆ ಹೋಗಿ ಬಾ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 21 ಜನ. ನಮ್ಮ ಕಡೆ ಒಂದು ಮದುವೆ ಮನೆಯ ಅಡುಗೆಯವರೇ ಅಷ್ಟಿರುತ್ತಾರೆ! ಆದರೆ 1818ರಲ್ಲಿ ಇಲಿನಾಯ್ ರಾಜ್ಯವಾದಾಗ ಅದರ ಮೊದಲ ರಾಜಧಾನಿ ಇದೇ. 1703ರಲ್ಲಿ ಫ್ರೆಂಚ್ ಪಾದ್ರಿಗಳೂ ಕಸ್ಕಾಸ್ಕಿಯಾ ಬುಡಕಟ್ಟಿನವರೂ ಬಂದು ನೆಲೆಯಾದ ಜಾಗ. ಫ್ರಾನ್ಸಿನ 15ನೇ ಲೂಯಿ ರಾಜ ಕೊಟ್ಟ ಗಂಟೆ ಇನ್ನೂ ಅಲ್ಲಿದೆ, 1741ರದ್ದು. 1778ರ ಜುಲೈ 4ರಂದು ಬ್ರಿಟಿಷರ ಕೈಯಿಂದ ಊರು ಬಿಡುಗಡೆಯಾದಾಗ ಬಾರಿಸಿದ್ದು ಆ ಗಂಟೆಯನ್ನೇ. ಈಗ ಬಿರುಕು ಬಿಟ್ಟಿದೆ.

ಆ ಊರಿಗೆ ಏನಾಯಿತು ಗೊತ್ತಾ? ಉಗಿ ದೋಣಿಗಳ ಕಾಲದಲ್ಲಿ ಒಲೆಗೆ ಸೌದೆ ಬೇಕು ಅಂತ ದಡದ ಮರಗಳನ್ನೆಲ್ಲ ಕಡಿದರು. ಬೇರು ಹೋದ ಮೇಲೆ ಮಣ್ಣು ನಿಲ್ಲುತ್ತಾ? ದಡ ಕುಸಿಯುತ್ತಾ ಬಂತು. 1881ರಲ್ಲಿ ಮಿಸಿಸಿಪ್ಪಿ ತನ್ನ ಹಳೇ ದಾರಿ ಬಿಟ್ಟು, ಪೂರ್ವಕ್ಕಿದ್ದ ಕಸ್ಕಾಸ್ಕಿಯಾ ನದಿಯ ಪಾತ್ರಕ್ಕೆ ನುಗ್ಗಿತು. ಹಳೇ ಊರು ಸ್ವಲ್ಪ ಸ್ವಲ್ಪವಾಗಿ ನೀರು ಪಾಲಾಯಿತು. ಸ್ಮಶಾನದ ಎಲುಬುಗಳನ್ನು ಎತ್ತಿ ಎದುರು ದಡದ ಗುಡ್ಡದ ಮೇಲೆ ಮತ್ತೆ ಹೂಳಬೇಕಾಯಿತು. ನದಿಯ ಪೂರ್ವಕ್ಕಿದ್ದ ನೆಲ ಪಶ್ಚಿಮಕ್ಕೆ ಬಂದುಬಿಟ್ಟಿತು. ಹಾಗಾಗಿ ಇಲಿನಾಯ್‌ಗೆ ಸೇರಿದ ಈ ಹಳ್ಳಿಗೆ ಇಲಿನಾಯ್‌ನಿಂದ ನೇರ ದಾರಿಯಿಲ್ಲ. ಚೆಸ್ಟರ್ ಊರಿನಲ್ಲಿ ಸೇತುವೆ ದಾಟಿ, ನದಿಯ ಪಶ್ಚಿಮಕ್ಕಿರುವ ಮಿಸೌರಿ ರಾಜ್ಯಕ್ಕೆ ಹೋಗಿ, ಸೇಂಟ್ ಮೇರಿ ಊರಿನಿಂದ ಹಳೇ ಪಾತ್ರದ ಮೇಲಿನ ಸಣ್ಣ ಸೇತುವೆ ಹಿಡಿಯಬೇಕು. (ಚೆಸ್ಟರ್‌ನಲ್ಲಿ ಕಾರ್ಟೂನಿನ ಪೊಪಾಯ್ ಪ್ರತಿಮೆ ಇದೆ. ಅವನನ್ನು ಬರೆದವರು ಹುಟ್ಟಿದ ಊರು ಅದು. ನಿಂತು ಒಂದು ಫೋಟೋ ತೆಗಿ.)

1993ರಲ್ಲಿ ನೆರೆ ತಡೆಯುವ ಏರಿ ಒಡೆದು ಕಸ್ಕಾಸ್ಕಿಯಾದಲ್ಲಿ ಒಂಬತ್ತು ಅಡಿಗೂ ಜಾಸ್ತಿ ನೀರು ನಿಂತಿತ್ತು. ಆದರೂ ಕೆಲವರು ವಾಪಸ್ ಬಂದರು. ಹೊಲ ನೋಡಿದರೆ ನಿನಗೇ ಗೊತ್ತಾಗುತ್ತೆ. ಮೆಕ್ಕೆಜೋಳ, ಸೋಯಾ ಹುಲುಸಾಗಿ ಬೆಳೆಯೋದು ನದಿ ತಂದು ಹಾಕಿದ ಆ ಕಪ್ಪು ಮಣ್ಣಿನಲ್ಲೇ.

ಹಾಗಂತ ಬಿಟ್ಟು ಹೋದವರು ಸೋತರು ಅಂತ ನಾನು ಹೇಳಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ, ಸೇಂಟ್ ಲೂಯಿಸ್‌ನ ದಕ್ಷಿಣಕ್ಕಿರುವ ವಾಲ್‌ಮೇಯರ್ ಮುಳುಗಿತು. ಸುಮಾರು 900 ಜನರ ಊರು. ಮನೆಯ ಬೆಲೆಯ ಅರ್ಧದಷ್ಟು ಹಾನಿಯಾಗಿದ್ದರೆ ಅದೇ ಜಾಗದಲ್ಲಿ ಹಾಗೇ ಕಟ್ಟುವಂತಿಲ್ಲ, ನೆರೆ ಮಟ್ಟಕ್ಕಿಂತ ಎತ್ತರಿಸಬೇಕು ಅನ್ನೋದು ನೆರೆ ವಿಮೆಯ ನಿಯಮ. ನಿನಗಿದು ಬಾಯಿಪಾಠ. ಮೇಯರ್ ಡೆನ್ನಿಸ್ ನೋಬ್ಲಾಕ್ ಮತ್ತು ಊರಿನವರು ಕೂತು ಮಾತಾಡಿ, ಎರಡು ಮೈಲಿ ಆಚೆ, ಸುಮಾರು 400 ಅಡಿ ಎತ್ತರದ ದಿಬ್ಬದ ಮೇಲೆ 500 ಎಕರೆ ಹೊಲ ಕೊಂಡು ಊರನ್ನೇ ಮತ್ತೆ ಕಟ್ಟಿದರು. ಶಾಲೆ, ಚರ್ಚು, ಎಲ್ಲ. ಈಗ ಅಲ್ಲಿ 1200ಕ್ಕೂ ಹೆಚ್ಚು ಜನ. ಆದರೆ ಮುಳುಗಿದವರೆಲ್ಲ ದಿಬ್ಬ ಹತ್ತಲಿಲ್ಲ. ಎರಡು ವರ್ಷ ತಾತ್ಕಾಲಿಕ ಮನೆಗಳಲ್ಲಿ ಕಾಯುವುದು ಎಲ್ಲರಿಗೂ ಆಗುತ್ತಾ? ಎಷ್ಟೋ ಮನೆಯವರು ಬೇರೆ ಬೇರೆ ಊರು ಸೇರಿದರು.

ಸರ್ಕಾರ ಕೊಂಡು ಕೆಡವಿದ ಮನೆಗಳ ಜಾಗದಲ್ಲಿ ಮತ್ತೆ ಯಾರೂ ಮನೆ ಕಟ್ಟುವಂತಿಲ್ಲ. ವಾಲ್‌ಮೇಯರ್‌ನ ಕೆಳಗಿನ ಹಳೇ ಬೀದಿಗಳಲ್ಲಿ ನಾನು ನಡೆದಿದ್ದೇನೆ. ರಸ್ತೆಯಿದೆ, ಅಕ್ಕಪಕ್ಕ ಬರೀ ಹುಲ್ಲು. ಊರು ಸ್ಥಳಾಂತರದ ಯೋಜನೆ ಗೆದ್ದ ಕಡೆ ಹಳೇ ಬೀದಿಯೂ ಹೀಗೇ ಇರುತ್ತೆ ಪುಟ್ಟಿ.

ಅದಕ್ಕೇ ಹೇಳ್ತೀನಿ, ಸಭೆಗೆ ಹೋದಾಗ ನಕ್ಷೆ ಆಮೇಲೆ ಬಿಚ್ಚು. ಮೊದಲು ಅವರ ಅಡುಗೆ ಮನೆಯಲ್ಲಿ ಕೂತು ಕಾಫಿ ಕುಡಿ. ಹೋದ ಸಲ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳು, ಗೋಡೆ ಮುಟ್ಟಿ ತೋರಿಸುತ್ತಾರೆ. ಪಕ್ಕದ ಮನೆಯವರು ಯಾರು, ಅವರೂ ಬಂದರೆ ನೀವು ಹೊರಡ್ತೀರಾ ಅಂತ ಕೇಳು. ದುಡ್ಡಿನ ವಿಷಯ ಮಾತ್ರ ಮುಚ್ಚಿಡಬೇಡ. ಎಷ್ಟು ಬರುತ್ತೆ, ಎಷ್ಟು ತಿಂಗಳಾಗುತ್ತೆ, ಸರಿಯಾಗಿ ಹೇಳು. ಬೇಡ ಅಂದವರ ಮನೆಗೂ ಇನ್ನೊಮ್ಮೆ ಹೋಗು.

ಕಸ್ಕಾಸ್ಕಿಯಾಕ್ಕೆ ಹೊರಡುವಾಗ ಬುತ್ತಿ ಕಟ್ಟಿಕೋ, ಅಲ್ಲಿ ಹೋಟೆಲ್ ಸಿಗಲ್ಲ. ಶನಿವಾರ ಆದರೆ ನಾನೂ ಬರ್ತೀನಿ. ದೊಡ್ಡಮ್ಮ ಚಪಾತಿ, ಶೇಂಗಾ ಚಟ್ನಿಪುಡಿ ಮಾಡಿಕೊಡ್ತಾಳಂತೆ.

ನಿನ್ನ ದೊಡ್ಡಪ್ಪ